ಕೌಂಟ್ ಏರಿದ ಮೇಲೆ

ಆರಿದ್ರಾ ಮಳೆ ಬಿಡದೆ ಬಾರಿಸಿ, ಪುನರ್ವಸುವಿನಲ್ಲಿ ಎರಡು ದಿನ ಹೊಳವಾಯಿತೆಂದರೆ ಮೂಡಿಗೆರೆ, ಬಾಳೂರು, ಕಳಸದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳ ಮುಂದಿನ ಹಗ್ಗಗಳೆಲ್ಲ ತುಂಬಿಹೋಗುತ್ತವೆ. ವಾರದಿಂದ ಒಲೆಯ ಮೇಲಿನ ಅಟ್ಟದಲ್ಲಿ ಮುಗ್ಗುತ್ತಿದ್ದ ಕಂಬಳಿ, ಲುಂಗಿ, ಮಕ್ಕಳ ಯೂನಿಫಾರ್ಮು ಒಟ್ಟಿಗೆ ಹೊರಗೆ ಬರುತ್ತವೆ. ಪಾಚಿ ಕಟ್ಟಿದ ಕಣದ ಮೇಲೆ ಬಿಸಿಲು ಬಿದ್ದು ಆವಿ ಏಳುತ್ತದೆ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ತೊಟ್ಟಿಕ್ಕುವುದು ಮಾತ್ರ ನಿಂತಿರುವುದಿಲ್ಲ. ಮಳೆಯ ಸದ್ದಿನ ಮೇಲೆ ಗಂಟಲೆತ್ತಿ ಮಾತಾಡಿ ರೂಢಿಯಾದವರು ಬಿಸಿಲಲ್ಲೂ ಕೂಗಿಯೇ ಮಾತಾಡುತ್ತಿರುತ್ತಾರೆ.

ಹೊಳವಾದ ಮೇಲೆ ಲೈನಿನ ಸೂರಿನಡಿ ಇಟ್ಟ ನೀಲಿ ಡ್ರಮ್ಮಿನೊಳಗೆ ಒಮ್ಮೆ ಇಣುಕಬೇಕು. ನೀರು ಕುಡಿಯಬಹುದು ಎನ್ನುವಷ್ಟು ತಿಳಿ. ಅದರ ಮೇಲ್ಮೈಗೆ ಬಾಲದ ತುದಿ ತಾಗಿಸಿ, ತಲೆ ಕೆಳಗಾಗಿ ನೇತುಬಿದ್ದಿರುವ ಸಣ್ಣ ಬೂದು ಹುಳಗಳು. ಡ್ರಮ್ಮಿಗೆ ಬೆರಳು ತಾಗಿಸಿದರೆ ಸಾಕು, ಎಲ್ಲವೂ ಮೈ ಕೊಂಕಿಸುತ್ತ ತಳಕ್ಕಿಳಿಯುತ್ತವೆ. ಸ್ವಲ್ಪ ಹೊತ್ತಿಗೆ ಉಸಿರಿಗೆಂದು ಒಂದೊಂದಾಗಿ ಮೇಲೆ ಬರುತ್ತವೆ. ನೀರಿನ ಗೆರೆಗಿಂತ ತುಸು ಮೇಲೆ, ಡ್ರಮ್ಮಿನ ಒಳಮೈಗೆ ಅಂಟಿರುವ ಕರಿ ಚುಕ್ಕೆಗಳೇ ಮೊಟ್ಟೆ. ನೀರು ಚೆಲ್ಲಿದರೆ ಮರಿ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಒಣಗಿಕೊಂಡೇ ತಿಂಗಳುಗಟ್ಟಲೆ ಇರುತ್ತದೆ. ಬೆಳೆಗಾರರು ಫೆಬ್ರುವರಿ, ಮಾರ್ಚಿನಲ್ಲಿ ಆಕಾಶ ನೋಡುತ್ತ ಕೂರುವ ಹೂ ಮಳೆ ಬಿದ್ದ ಮೇಲೆ ಗಿಡ ಬಿಳಿಯಾಗಲು ಎಂಟು ಹತ್ತು ದಿನ ಬೇಕು. ಅದರ ಆಸುಪಾಸಿಗೇ ಅದೇ ಮಳೆ ಹಿಡಿದ ಡ್ರಮ್ಮಿನಿಂದ, ಹಳೆ ಟೈರಿನಿಂದ, ಬಿದ್ದ ಅಡಿಕೆ ಹಾಳೆಯಿಂದ ಸೊಳ್ಳೆಯೂ ಎದ್ದು ಹಾರಿರುತ್ತದೆ. ಹೂವಿನ ಫೋಟೊ ಎಲ್ಲರ ಸ್ಟೇಟಸ್ಸಿನಲ್ಲೂ ಇರುತ್ತದೆ, ಇದರದ್ದು ಯಾರೂ ಹಾಕುವುದಿಲ್ಲ.

ಇದು ಏಡಿಸ್. ಪೇಟೆಯ ಮನೆಗಳಲ್ಲಿ ಈಜಿಪ್ಟೈ, ತೋಟದ ಕಡೆ ಹೆಚ್ಚಾಗಿ ಆಲ್ಬೋಪಿಕ್ಟಸ್: ಕರಿ ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ನಡುವೆ ಒಂದೇ ಒಂದು ಬಿಳಿ ಗೆರೆ. ಮರದ ಪೊಟರೆ, ಕಡಿದ ಬಿದಿರಿನ ಬೊಡ್ಡೆ, ಸೌದೆಗೆ ಹೊದೆಸಿದ ಟಾರ್ಪಾಲಿನ ಮಡಿಕೆ, ಹೋಮ್‌ಸ್ಟೇ ಅಂಗಳದ ಅಲಂಕಾರದ ಕುಂಡ, ಎಲ್ಲಿ ಒಂದು ಲೋಟ ನೀರು ನಿಂತರೂ ಅದಕ್ಕೆ ಸಂಸಾರ ಹೂಡಲು ಸಾಕು. ಕಾಫಿಗೆ ನೆರಳು ಬೇಕು, ಇದಕ್ಕೂ ನೆರಳೇ ಬೇಕು. ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಇಳಿಹೊತ್ತು. ಕಳೆ ತೆಗೆಯುವವರು, ಕಂಬಚಿಗುರು ಮುರಿಯುವವರು ಗಿಡದ ಸಂದಿಯಲ್ಲಿ ಬಗ್ಗಿರುವುದೂ ಆಗಲೇ. ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗುವವನ ಹತ್ತಿರ ತನ್ನ ಕೆಲಸವನ್ನು ಅದು ಹಗಲೇ ಮುಗಿಸಿಕೊಂಡಿರುತ್ತದೆ.

ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನಾಚೆ ಈ ಸೊಳ್ಳೆ ಹೋಗುವುದು ಕಡಿಮೆ. ಡೆಂಗಿ ವೈರಸ್ಸನ್ನು ಘಟ್ಟ ಹತ್ತಿಸುವವರು ನಾವೇ. ಶನಿವಾರ ಬೆಂಗಳೂರಿನಿಂದ ಹೋಮ್‌ಸ್ಟೇಗೆ ಬಂದವರ ರಕ್ತದಲ್ಲಿ ಬರುತ್ತದೆ, ಊರಿಗೆ ಹೋಗಿ ಬಂದ ಅಸ್ಸಾಮಿನ ಕಾರ್ಮಿಕನ ರಕ್ತದಲ್ಲಿ ಬರುತ್ತದೆ, ಮಂಗಳೂರಿನಲ್ಲಿ ಓದುವ ಸಾಹುಕಾರರ ಮಗನ ರಕ್ತದಲ್ಲೂ ಬರುತ್ತದೆ. ಬೈಸಿಕೊಳ್ಳುವವನು ಮಾತ್ರ ಈ ಮೂವರಲ್ಲಿ ನಡುವಿನವನು.

2024ರಲ್ಲಿ ಡೆಂಗಿ ಜೋರಾದಾಗ, ಮುಂಗಾರಿನ ಹೊತ್ತಿಗೆ ಬೆಂಗಳೂರು ಬಿಟ್ಟರೆ ಹೆಚ್ಚು ಪ್ರಕರಣ ಕಂಡ ಜಿಲ್ಲೆಗಳ ಸಾಲಿನಲ್ಲಿ ಚಿಕ್ಕಮಗಳೂರೂ ಇತ್ತು. ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳ ಪರೀಕ್ಷೆಗೆ ದರ ಕಟ್ಟಿತು. ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಮರಿಗೆ ಜಾಗ ಕೊಟ್ಟರೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಕಂಡದ್ದು ಆಶಾ ಕಾರ್ಯಕರ್ತೆಯರನ್ನು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು, ಇಂಬಳಕ್ಕೆಂದು ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡು ಲೈನಿನಿಂದ ಲೈನಿಗೆ ಏರಿ ಇಳಿಯುವ ಹೆಂಗಸರು. ಡ್ರಮ್ಮಿಗೆ ಟಾರ್ಚು ಬಿಟ್ಟು ನೋಡಿ, ಚೆಲ್ಲಿಸಿ, ಒಳಗೆಲ್ಲ ತೆಂಗಿನ ನಾರಿನಿಂದ ಉಜ್ಜಿಸುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಮನೆಯಾಕೆ ಬರುತ್ತಾಳೆ.

“ಅಯ್ಯೋ, ಚೆಲ್ಬೇಡ ಕಣಕ್ಕಾ. ಕರೆಂಟ್ ಹೋಗಿ ಮೂರ್ ದಿನ ಆಯ್ತು, ಮೋಟ್ರಿಲ್ಲ. ಪಾತ್ರೆ ತೊಳೆಯೋದ್ ಯಾವ್ದ್ರಲ್ಲಿ?”

ಸುತ್ತ ನೂರಾರು ಇಂಚು ಮಳೆ ಸುರಿಯುವ ನಾಡಿನಲ್ಲಿ ನೀರು ಕೂಡಿಡಬೇಕಾಗಿ ಬಂದಿರುವ ಈ ಸಂಕಟಕ್ಕೆ ಕರಪತ್ರದಲ್ಲಿ ಉತ್ತರವಿರುವುದಿಲ್ಲ. ಕಾರ್ಯಕರ್ತೆ ಒಂದು ಹಳೆಯ ಬಟ್ಟೆ ಕೇಳಿ ಇಸಿದುಕೊಂಡು ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿಸಿ ಮುಂದಿನ ಲೈನಿಗೆ ನಡೆಯುತ್ತಾಳೆ.

ಅಂಥ ದಿನಗಳಲ್ಲಿ ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಯ ವರಾಂಡ ಒದ್ದೆ ಕೊಡೆಗಳಿಂದಲೇ ತುಂಬಿರುತ್ತದೆ. ಜ್ವರದವರು ಬೆಂಚಿನ ಮೇಲೆ ಸ್ವೆಟರ್ ಹಾಕಿ ಮುದುರಿ ಕೂತಿರುತ್ತಾರೆ. ಹಣೆ, ಕಣ್ಣ ಗುಡ್ಡೆಯ ಹಿಂದೆ, ಸೊಂಟ, ಎಲ್ಲ ಕಡೆ ನೋವು. ಅಷ್ಟು ಹೊತ್ತಿಗೆ ಅರ್ಧ ಮಂದಿ ಮೆಡಿಕಲ್ ಶಾಪಿಗೆ ಹೋಗಿ ಬಂದಾಗಿರುತ್ತದೆ, ಕೆಲವರು ನೋವಿನ ಸೂಜಿಯನ್ನೂ ಚುಚ್ಚಿಸಿಕೊಂಡಿರುತ್ತಾರೆ. ಡೆಂಗಿಯಲ್ಲಿ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಯಾವುದೂ ಕೂಡದು. ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಇದನ್ನು ಗೋಡೆಯ ಮೇಲೆ ಬರೆದು ಹಾಕಿದರೂ ಓದುವವರು ಕಡಿಮೆ, ಏಕೆಂದರೆ ಎಲ್ಲರ ಕಣ್ಣೂ ಕೈಯಲ್ಲಿರುವ ಲ್ಯಾಬ್ ಚೀಟಿಯ ಮೇಲೆ.

“ಕೌಂಟ್ ಎಷ್ಟು?”

ಮಳೆಗಾಲದ ಮಲೆನಾಡಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇನ್ನೊಂದು ಇದ್ದರೆ ಅದು ‘ಎಷ್ಟು ಇಂಚು ಬಂತು’ ಎಂಬುದೊಂದೇ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು ಎಂಬುದು ಈಗ ಲೈನಿನ ಮಕ್ಕಳಿಗೂ ಗೊತ್ತು. ಐವತ್ತು ಸಾವಿರಕ್ಕೆ ಇಳಿಯಿತೆಂದರೆ ಮನೆಯವರ ಮುಖ ಇಳಿಯುತ್ತದೆ. ಪಪ್ಪಾಯಿ ಎಲೆ ಜಜ್ಜಿ ರಸ ಹಿಂಡುತ್ತಾರೆ, ಹಣ್ಣಿನಂಗಡಿಯಲ್ಲಿ ಕಿವಿ ಹಣ್ಣು ಹುಡುಕುತ್ತಾರೆ, ಯಾರ ಕೊಟ್ಟಿಗೆಯಲ್ಲಿ ಹಾಲಿನ ಆಡು ಇದೆಯೆಂದು ವಿಚಾರಿಸುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ, ಹತ್ತು ಸಾವಿರಕ್ಕಿಂತ ಕೆಳಗಿಳಿಯುವ ತನಕ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ ಎನ್ನುತ್ತಾರೆ ವೈದ್ಯರು; ನೆಂಟರು ಒಪ್ಪುವುದಿಲ್ಲ. ಕೌಂಟ್ ಏರತೊಡಗಿದ್ದೇ ತಡ, ಗೆದ್ದ ಹಾಗೆ. ಡಿಸ್ಚಾರ್ಜ್, ಆಟೊ, ಮನೆ, ಕೋಳಿ ಸಾರು.

ಎಲ್ಲರೂ ಅಂಕಿಯನ್ನು ಕಾಯುತ್ತ ಕೂತಾಗ ಮನುಷ್ಯನನ್ನು ಕಾಯುವವರು ಕಡಿಮೆಯಾಗುತ್ತಾರೆ. ಡೆಂಗಿಯಲ್ಲಿ ಕೆಟ್ಟ ಗಳಿಗೆ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೆಯ ದಿನದ ನಡುವೆ. ಆಗ ನೋಡಬೇಕಾದ ಲಕ್ಷಣಗಳಲ್ಲಿ ಒಂದು ಮಂಕು, ಇಲ್ಲವೇ ಅದಕ್ಕೆ ತದ್ವಿರುದ್ಧವಾದ ತಳಮಳ. ನಮ್ಮ ಕಡೆ ಕಾಯಿಲೆಯವರು ನಿದ್ದೆ ಹೋದರೆ ತಾಯಂದಿರು ನಿಟ್ಟುಸಿರು ಬಿಡುತ್ತಾರೆ. “ಪಾಪ, ಈಗ ಕಣ್ ಹತ್ತಿದೆ, ಎಬ್ಬಿಸ್ಬೇಡಿ.” ಎಬ್ಬಿಸಬೇಕು. ಎಬ್ಬಿಸಿ ಹೆಸರು ಕೇಳಬೇಕು, ಇವತ್ತು ಯಾವ ವಾರ ಎಂದು ಕೇಳಬೇಕು, ಎದುರಿಗಿರುವವರು ಯಾರೆಂದು ಕೇಳಬೇಕು. ಅಮ್ಮನನ್ನು ಅತ್ತೆ ಎಂದರೆ ನಗಬಾರದು, ಗಾಡಿ ತರಿಸಬೇಕು. ಡೆಂಗಿ ಮುಖ್ಯವಾಗಿ ರಕ್ತನಾಳಗಳ ಕಾಯಿಲೆ ಎಂದು ಬಹುಕಾಲ ನಂಬಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ವರ್ಗೀಕರಣ ಬದಲಿಸಿದಾಗ ಮಿದುಳಿಗೆ ಪೆಟ್ಟು ಬಿದ್ದು ಪ್ರಜ್ಞೆ ಕದಡುವುದನ್ನೂ ತೀವ್ರ ಡೆಂಗಿಯ ಲೆಕ್ಕಕ್ಕೆ ಸೇರಿಸಿತು. ಕೆಲವೊಮ್ಮೆ ವೈರಸ್ಸೇ ಮಿದುಳಿಗೆ ಹೊಕ್ಕು ಊತ ತರುತ್ತದೆ. ಕೆಲವೊಮ್ಮೆ ಅದು ಅಲ್ಲಿಗೆ ಹೋಗಿರುವುದೇ ಇಲ್ಲ. ಲಿವರ್ ಸೋತು, ಇಲ್ಲವೇ ರಕ್ತದ ಸೋಡಿಯಂ ಇಳಿದು, ಇಲ್ಲವೇ ತಲೆಯೊಳಗೆ ರಕ್ತ ಒಸರಿ ಮನುಷ್ಯ ಮಂಕಾಗುತ್ತಾನೆ. ಮೂರನೆಯದೊಂದು ದಾರಿಯಿದೆ. ಅದು ಬರುವುದು ಎಲ್ಲ ಮುಗಿಯಿತು ಎಂದುಕೊಂಡ ಮೇಲೆ.

ನಮ್ಮ ಕಡೆಯ ಒಂದು ತೋಟದ ರೈಟರಿಗೆ ಬಂದದ್ದು ಈ ಮೂರನೆಯದು. ಐವತ್ತರ ಆಸುಪಾಸಿನ ಗಟ್ಟಿ ಆಳು. ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಕುಯ್ಲಿನ ಕಾಲಕ್ಕೆ ಯಾರು ಎಷ್ಟು ಕಿಲೋ ಹಣ್ಣು ಕುಯ್ದರು ಎಂಬ ಲೆಕ್ಕ, ಎಲ್ಲ ಅವರದೇ. ಡೆಂಗಿ ಬಂತು, ಕೌಂಟ್ ಇಳಿಯಿತು, ಏರಿತು, ಮನೆಗೆ ಬಂದರು, ಕೆಲಸಕ್ಕೂ ಹೊರಟರು. ಒಂದು ವಾರ ಕಳೆದಿರಬೇಕು, ಪಾದದಲ್ಲಿ ಜುಮುಜುಮು ಶುರುವಾಯಿತು. ಗಂಬೂಟಿನ ತೇವಕ್ಕೆಂದುಕೊಂಡರು. ಸಂಜೆ ಗಂಬೂಟು ಕಳಚಲು ಒಂದು ಹಿಮ್ಮಡಿಯಿಂದ ಇನ್ನೊಂದನ್ನು ಒತ್ತಿದರೆ ಕಾಲಿಗೆ ಬಲವೇ ಇಲ್ಲ. ಹೆಂಡತಿ ಎಳೆದು ತೆಗೆದರು. ಮಾರನೆಯ ಬೆಳಿಗ್ಗೆ ಕಣದ ಮೆಟ್ಟಿಲಲ್ಲಿ ಮಂಡಿ ಕುಸಿಯಿತು. ರಾತ್ರಿ ಉಂಡು ನೆಲದಿಂದ ಏಳಲಾಗಲಿಲ್ಲ. ಅದರ ಮರುದಿನ ಬಾಯಿ ಮುಕ್ಕಳಿಸಿದ ನೀರು ತುಟಿಯ ಕೊನೆಯಿಂದ ತಾನೇ ಸೋರಿತು.

ಆಸ್ಪತ್ರೆಯಲ್ಲಿ ಮತ್ತೆ ಕೌಂಟ್ ಮಾಡಿಸಿದರು. ಎರಡು ಲಕ್ಷ ಚಿಲ್ಲರೆ. ಜೊತೆಗೆ ಹೋದವರೆಲ್ಲ ನಿರಾಳರಾದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾತ್ರ ಚೀಟಿಯನ್ನು ಪಕ್ಕಕ್ಕಿಟ್ಟು ರಬ್ಬರಿನ ಸುತ್ತಿಗೆ ತಗೊಂಡು ಮೊಣಕಾಲ ಕೆಳಗೆ ಹೊಡೆದರು. ಕಾಲು ಒದೆಯಬೇಕಿತ್ತು, ಸುಮ್ಮನೆ ನೇತಾಡಿತು. ಇನ್ನೊಂದು ಕಾಲಿಗೆ ಹೊಡೆದರು, ಅದೂ ಹಾಗೇ. ಆಮೇಲೆ ಕೇಳಿದ್ದು ಯಾರೂ ನಿರೀಕ್ಷಿಸದ ಪ್ರಶ್ನೆ.

“ಒಂದು ಸಲ ಉಸಿರು ಪೂರ್ತಿ ಎಳ್ಕೊಳ್ಳಿ. ಆ ಒಂದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಎಣಿಸ್ತಾ ಹೋಗಿ ನೋಡೋಣ.”

ಇಪ್ಪತ್ತು ವರ್ಷ ಚೀಲ ಎಣಿಸಿದ ಮನುಷ್ಯ. ಹದಿನಾಲ್ಕಕ್ಕೆ ನಿಂತರು. ಆರೋಗ್ಯವಂತರು ಹೀಗೆ ಮೂವತ್ತು, ನಲವತ್ತರವರೆಗೆ ಸಲೀಸಾಗಿ ಹೋಗುತ್ತಾರೆ. ಕಾಲಿನಿಂದ ಹತ್ತಿದ ಸೋಲು ಎದೆಗೂಡಿನ ಸ್ನಾಯುಗಳಿಗೂ ಬರುತ್ತಿದೆ ಎಂದು ಡಾಕ್ಟರಮ್ಮನಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಗಿಲ್ಲನ್ ಬಾರೆ ಸಿಂಡ್ರೋಮ್, ಆಸ್ಪತ್ರೆಯ ಮಾತಿನಲ್ಲಿ ಜಿಬಿಎಸ್. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ, ಸೋಂಕು ತೀರಿದ ಮೇಲೆ ತನ್ನದೇ ನರಗಳ ಮೇಲಿನ ಮೈಲಿನ್ ಪೊರೆಗೆ ಕೈಹಾಕುವ ಕಾಯಿಲೆ. ಡೆಂಗಿಯ ನಂತರ ಬರುವುದು ಅಪರೂಪ. ಚಿಕುನ್‌ಗುನ್ಯಾ, ಜೀಕಾದ ನಂತರವೂ ಬರುತ್ತದೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ನಂತರವೂ ಬರುತ್ತದೆ. ವೆಂಟಿಲೇಟರ್ ಇರುವ ಕಡೆಗೆ, ಉಸಿರು ಇನ್ನೂ ನಡೆಯುತ್ತಿರುವಾಗಲೇ ತಲುಪಬೇಕು. ಆ ಮಾತಿಗೆ ಮಲೆನಾಡಿನಲ್ಲಿ ಅರ್ಥ ಒಂದೇ, ಘಟ್ಟ ಇಳಿಯಬೇಕು.

ಕಳಸದವರಿಗಾದರೆ ಸಂಸೆ, ಕುದುರೆಮುಖ ದಾಟಿ ಕಾರ್ಕಳದ ಕಡೆಗೆ ಇಳಿಯುವ ಕಾಡಿನ ರಸ್ತೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರು ಕಳಸಕ್ಕೆ ಬರುವುದೇ ಸುತ್ತು ದಾರಿಯಲ್ಲಿ. ಮೂಡಿಗೆರೆಯವರಿಗೆ ಚಾರ್ಮಾಡಿ. 2019ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಆ ರಸ್ತೆ ತಿಂಗಳುಗಳ ಕಾಲ ಸರಿಯಾಗಿ ತೆರೆದಿರಲಿಲ್ಲ. ತೆರೆದಿರುವ ದಿನವೂ ಕೊಟ್ಟಿಗೆಹಾರ ದಾಟಿದರೆ ಮಂಜು ಕವಿದು ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬಂಡೆಯಿಂದ ರಸ್ತೆಗೇ ಬೀಳುವ ಝರಿಗಳ ನೀರು ಆಂಬುಲೆನ್ಸಿನ ಮೇಲೆ ಬಡಿಯುತ್ತದೆ. ರೈಟರನ್ನು ಹೊತ್ತ ಗಾಡಿಯೊಳಗೆ ನರ್ಸ್ ಹುಡುಗ ಸ್ವಲ್ಪ ಹೊತ್ತಿಗೊಮ್ಮೆ ಎಣಿಸಲು ಹೇಳುತ್ತಿದ್ದನಂತೆ. ಘಟ್ಟದ ಮೇಲೆ ಹದಿಮೂರು. ಉಜಿರೆ ಬರುವಾಗ ಹನ್ನೊಂದು. ರೈಟರ ಹೆಂಡತಿ ಕಣ್ಣು ಮುಚ್ಚಿಕೊಂಡು, ಗಂಡನ ಜೊತೆ ತಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದರಂತೆ. “ನನ್ನ ಉಸ್ರು ಮುಗೀತಿರ್ಲಿಲ್ಲ, ಅವ್ರದ್ದು ಮುಗ್ದೋಗ್ತಿತ್ತು” ಎಂದರು ಆಮೇಲೆ.

ತಲುಪಿದರು. ಇಮ್ಯುನೊಗ್ಲಾಬ್ಯುಲಿನ್ ಎಂಬ, ಸಾವಿರಾರು ಮಂದಿಯ ರಕ್ತದಿಂದ ತೆಗೆದ ಔಷಧಿಯನ್ನು ಐದು ದಿನ ರಕ್ತನಾಳಕ್ಕೆ ಹನಿಸಿದರು. ಬೆಲೆ ಲಕ್ಷಗಳಲ್ಲಿ; ಮೆಣಸು ಮಾರಿದ ದುಡ್ಡು, ಸಾಹುಕಾರರು ಕೊಟ್ಟದ್ದು, ಸೊಸೈಟಿ ಸಾಲ ಎಲ್ಲ ಸೇರಿತು. ವೆಂಟಿಲೇಟರಿನ ಹೊಸ್ತಿಲವರೆಗೆ ಹೋಗಿ ವಾಪಸ್ಸಾದರು.

ಕಾಲು ಬಿದ್ದಿದೆ ಎಂದ ಕೂಡಲೇ ಜಿಬಿಎಸ್ ಎಂದು ಹೆದರಬೇಕಾಗಿಯೂ ಇಲ್ಲ ಎಂಬುದಕ್ಕೆ ಅದೇ ಮಳೆಗಾಲದ ಇನ್ನೊಬ್ಬ ಹುಡುಗನಿದ್ದಾನೆ. ಮರಗಸಿಗೆ ಬಂದವನು, ಜ್ವರದ ನಾಲ್ಕನೆಯ ದಿನ ಕೈಕಾಲು ಎರಡೂ ಎತ್ತಲಾಗದೆ ಬಿದ್ದುಕೊಂಡಿದ್ದ. ಲೈನಿನಲ್ಲಿ ಅಳು ಶುರುವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಪಾತಾಳಕ್ಕಿಳಿದಿತ್ತು. ಡೆಂಗಿಯಲ್ಲಿ ಇದೂ ಆಗುತ್ತದೆ, ನಮ್ಮ ದೇಶದ ವೈದ್ಯರು ಹಲವು ಬಾರಿ ವರದಿ ಮಾಡಿದ್ದಾರೆ. ಪೊಟ್ಯಾಸಿಯಂ ಕೊಟ್ಟರು. ಮರುದಿನ ಹುಡುಗ ತಾನೇ ನಡೆದು ಹೋಗಿ ಆಸ್ಪತ್ರೆಯ ಗೇಟಿನಾಚೆ ಬೀಡಿ ಹಚ್ಚಿದ್ದನ್ನು ಕಂಡು ನರ್ಸಮ್ಮ ಬೈದರು. ನೋಡಲು ಒಂದೇ ಥರದ ಕಾಲಿನ ಸೋಲು, ಒಬ್ಬರಿಗೆ ಆರು ತಿಂಗಳು, ಇನ್ನೊಬ್ಬನಿಗೆ ಒಂದು ರಾತ್ರಿ.

ಜ್ವರ ಬಿಟ್ಟು ಮತ್ತೆ ತಲೆಗೇರುವ ಕಾಯಿಲೆ ಈ ಜಿಲ್ಲೆಗೆ ಹೊಸದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಮಂಗನ ಕಾಯಿಲೆ ಚೆನ್ನಾಗಿ ಗೊತ್ತು. ಅದು ಸೊಳ್ಳೆಯದಲ್ಲ, ಉಣುಗಿನದು. ಮಳೆಗಾಲದ್ದಲ್ಲ, ಡಿಸೆಂಬರಿನಿಂದ ಮೇವರೆಗಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ಸು ಡೆಂಗಿಯ ದಾಯಾದಿಯೇ, ಒಂದೇ ಕುಟುಂಬದ್ದು. ಅದರಲ್ಲೂ ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೆಯ ಜ್ವರ ಬರುತ್ತದೆ, ತಲೆನೋವು, ಕುತ್ತಿಗೆ ಸೆಡೆತ, ನಡುಕ, ಗೊಂದಲ ಹೊತ್ತುಕೊಂಡು. ಕಾಡಂಚಿನ ಅಜ್ಜಿಯಂದಿರು ಅದಕ್ಕೇ ಜ್ವರ ಬಿಟ್ಟವರನ್ನೂ ಸ್ವಲ್ಪ ದಿನ ತೋಟಕ್ಕೆ ಬಿಡುತ್ತಿರಲಿಲ್ಲ. ಡೆಂಗಿಯ ವಿಷಯದಲ್ಲಿ ಆ ತಾಳ್ಮೆ ಲ್ಯಾಬ್ ಚೀಟಿಯ ಮುಂದೆ ಸೋತಿದೆ ಎಂದು ನನಗೆ ಅನ್ನಿಸುವುದುಂಟು.

ಬಯಲುಸೀಮೆಗೆ ಇಳಿದರೆ ಇನ್ನೊಬ್ಬ ದಾಯಾದಿ, ಜಪಾನೀಸ್ ಎನ್‌ಸೆಫಲೈಟಿಸ್. ಗದ್ದೆಯ ನೀರಿನ ಕ್ಯೂಲೆಕ್ಸ್ ಸೊಳ್ಳೆ, ಕೊಕ್ಕರೆ, ಹಂದಿ, ಇವುಗಳ ನಡುವೆ ಸುತ್ತುವ ಆ ವೈರಸ್ಸು ನೇರವಾಗಿ ಮಿದುಳನ್ನೇ ಹುಡುಕುತ್ತದೆ. ಕೋಲಾರ, ಮಂಡ್ಯ, ಬಳ್ಳಾರಿಯ ಮಕ್ಕಳನ್ನು ಅದು ಬಹಳ ಕಾಡಿತು. ಕೋಲಾರದಲ್ಲಿ ಸಿಕ್ಕ ವೈರಸ್ಸಿನ ತಳಿಯಿಂದಲೇ ದೇಶದ ಸ್ವಂತ ಲಸಿಕೆ ಜೆನ್‌ವ್ಯಾಕ್ ತಯಾರಾಗಿ 2013ರಲ್ಲಿ ಬಂತು. 2006ರ ಚಿಕುನ್‌ಗುನ್ಯಾ ಅಲೆಯಂತೂ ನೆನಪಿರುವವರು ಬಹಳ. ದೇಶದಲ್ಲಿ ಶಂಕಿತರು ಸುಮಾರು 14 ಲಕ್ಷ, ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವರು. ಕೀಲುನೋವೊಂದೇ ಅದರ ಕಾಟವೆಂದು ಎಲ್ಲರೂ ತಿಳಿದಿದ್ದಾಗ, ಬಳ್ಳಾರಿಯಲ್ಲಿ ಮಿದುಳು ಸೋಂಕಿನ ಶಂಕೆಯಿಂದ ಆಸ್ಪತ್ರೆ ಸೇರಿದ್ದ ಮಕ್ಕಳನ್ನು ನಿಮ್ಹಾನ್ಸ್‌ನ ವೈರಾಣು ತಜ್ಞರೂ ಸೇರಿ ಪರೀಕ್ಷಿಸಿದರು. ಕೆಲವು ಮಕ್ಕಳಲ್ಲಿ ಸಿಕ್ಕಿದ್ದು ಚಿಕುನ್‌ಗುನ್ಯಾ ವೈರಸ್ಸು. 2009ರಲ್ಲಿ ಆ ವರದಿ ಹೊರಬಂತು.

ರೈಟರು ಮನೆಗೆ ಬರುವಾಗ ಗಿಡದಲ್ಲಿ ಕಾಯಿ ಬಲಿಯುತ್ತಿತ್ತು. ಜಗಲಿಯ ಎರಡು ಕಂಬಗಳಿಗೆ ಸೊಂಟದ ಎತ್ತರದಲ್ಲಿ ಬಿದಿರು ಕಟ್ಟಿ, ಅದನ್ನು ಹಿಡಿದು ನಡೆಯುವುದನ್ನು ಮೊದಲಿನಿಂದ ಕಲಿತರು. ನರದ ಪೊರೆ ಮತ್ತೆ ಬೆಳೆಯುತ್ತದೆ, ಅವಸರವಿಲ್ಲದೆ. ಹೊಟ್ಟೆ ಬೆನ್ನಿಗೆ ಬಲ ಬಂತು, ತೊಡೆಗೆ ಬಂತು; ಪಾದ ಮಾತ್ರ ಬಹಳ ದಿನ ಸತಾಯಿಸಿತು. ಎತ್ತಿ ಇಟ್ಟ ಹೆಜ್ಜೆಯ ಮುಂಗಾಲು ಇಳಿಬಿದ್ದು ನೆಲಕ್ಕೆ ಎಡವುತ್ತಿತ್ತು. ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿಕೊಂಡು ಅದರ ಮೇಲೆ ಸಾಕ್ಸು ಏರಿಸಿ, ಕುಯ್ಲು ಶುರುವಾದಾಗ ಕಣದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಾಜರಿ ಪುಸ್ತಕದಲ್ಲಿ ಅವರ ಅಕ್ಷರ ಸ್ವಲ್ಪ ದೊಡ್ಡದಾಗಿದೆ, ಗೆರೆ ದಾಟುತ್ತದೆ. ತೂಕ ಮಾತ್ರ ಮೊದಲಿನಷ್ಟೇ ಕಟ್ಟುನಿಟ್ಟು.

ಬಂದವರೆಲ್ಲ ಕೇಳುವುದು ಅದೇ ಪ್ರಶ್ನೆ. ಮೊದಮೊದಲು ಅವರು ಕೂರಿಸಿಕೊಂಡು ವಿವರಿಸುತ್ತಿದ್ದರು, ಇದು ಕೌಂಟಿನದ್ದಲ್ಲ ಕಣ್ರೀ, ನರದ್ದು, ಕೌಂಟ್ ಚೆನ್ನಾಗೇ ಇತ್ತು ಎಂದು. ಕೇಳಿದವರು ತಲೆಯಾಡಿಸಿ, ಹೊರಡುವಾಗ ಪಪ್ಪಾಯಿ ಎಲೆಯ ಗುಣ ಹೇಳಿ ಹೋಗುತ್ತಿದ್ದರು. ಈಗ ಬಿಟ್ಟಿದ್ದಾರೆ. ಮೊನ್ನೆ ಸಂಜೆ ಹಣ್ಣಿನ ಚೀಲ ಹೊತ್ತು ತಂದವನೊಬ್ಬ ತೂಕದ ಯಂತ್ರದ ಪಕ್ಕ ನಿಂತು ಕೇಳಿದ.

“ನಿಮ್ಗೆ ಕೌಂಟ್ ಎಷ್ಟಕ್ಕಿಳಿದಿತ್ತು ರೈಟ್ರೇ?”

“ಹದ್ನಾಲ್ಕು.”

“ಹದ್ನಾಲ್ಕು ಸಾವ್ರವಾ!”

“ಬರೇ ಹದ್ನಾಲ್ಕು ಮಾರಾಯ. ಆಮೇಲೆ ಹನ್ನೊಂದು. ಚೀಲ ಸರಿಯಾಗಿಡು, ಒಂದ್ ಕಡೆ ನೆಲಕ್ಕೆ ತಾಗ್ತಿದೆ.”